ಆ ‘ಲೀಫ್’ ಮರದ್ದಲ್ಲ

ಮೂವತ್ತು ವರ್ಷ ಒಂದೇ ಕಚೇರಿಯಲ್ಲಿ ನಿಯತ್ತಾಗಿ ದುಡಿದವರು ನಿವೃತ್ತರಾಗುತ್ತಾರೆ ಎನ್ನಿ. ಬೀಳ್ಕೊಡುಗೆಯ ಕಾರ್ಡಿನಲ್ಲಿ ಯಾರೋ ಪ್ರೀತಿಯಿಂದ ಬರೆಯುತ್ತಾರೆ: ‘ಸರ್, ಟರ್ನ್ ಓವರ್ ಎ ನ್ಯೂ ಲೀಫ್!’ ಹೊಸ ಬದುಕಿಗೆ ಶುಭವಾಗಲಿ ಎಂಬುದು ಬರೆದವರ ಮನಸ್ಸಿನಲ್ಲಿದ್ದದ್ದು. ಇಂಗ್ಲಿಷ್ ಚೆನ್ನಾಗಿ ಬಲ್ಲವರ ಕಿವಿಗೆ ಅದು, ‘ಇಷ್ಟು ದಿನ ಮಾಡಿದ್ದು ಸಾಕು, ಇನ್ನಾದರೂ ನೆಟ್ಟಗಿರಿ’ ಎಂದಂತೆ ಕೇಳುತ್ತದೆ.

ಈ ನುಡಿಗಟ್ಟಿಗೆ ಬರೀ ‘ಮತ್ತೆ ಶುರುಮಾಡು’ ಎಂಬರ್ಥವಿದೆ ಎನ್ನುವುದೇ ತಪ್ಪು ಕಲ್ಪನೆ. ಇದು ನಡತೆಗೆ ಸಂಬಂಧಿಸಿದ ಮಾತು. ಹಿಂದೆ ಏನೋ ಕೆಟ್ಟದ್ದಿತ್ತು ಎಂಬ ಸೂಚನೆ ಅದರೊಳಗೇ ಇದೆ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ ‘ಎ ಕ್ರಿಸ್‌ಮಸ್ ಕ್ಯಾರಲ್’ನ ಸ್ಕ್ರೂಜ್ ಇದಕ್ಕೆ ಹೇಳಿಮಾಡಿಸಿದ ಉದಾಹರಣೆ. ರಾತ್ರಿ ಕಳೆಯುವಷ್ಟರಲ್ಲಿ ಆ ಕಡುಜಿಪುಣ ಬದಲಾಗಿ, ತಾನು ಗೋಳುಹೊಯ್ದುಕೊಂಡಿದ್ದ ಗುಮಾಸ್ತನ ಮನೆಗೆ ದೊಡ್ಡ ಟರ್ಕಿ ಕೋಳಿ ಕಳಿಸುತ್ತಾನೆ. ಅಂಥವರನ್ನು ಕಂಡಾಗ ನಮ್ಮವರು ಒಂದೇ ಮಾತಿನಲ್ಲಿ, ‘ಈಗ ಮನುಷ್ಯನಾದ ನೋಡಿ’ ಎಂದುಬಿಡುತ್ತಾರೆ.

ವ್ಯಾಪಾರ ಮುಳುಗಿ ಸೊನ್ನೆಯಿಂದ ಶುರುಮಾಡಿದವರಿಗೆ ಒಪ್ಪುವುದು ‘ಸ್ಟಾರ್ಟ್ ಫ್ರಮ್ ಸ್ಕ್ರ್ಯಾಚ್’. ಅಲ್ಲಿನ ಸ್ಕ್ರ್ಯಾಚ್ ಎಂದರೆ ಕೆರೆತವಲ್ಲ, ಓಟಗಾರರು ನಿಲ್ಲಲು ನೆಲದ ಮೇಲೆ ಗೀಚಿದ ಗೆರೆ.

ಇನ್ನು ಎಲೆಯ ವಿಚಾರ. ಹಣ್ಣೆಲೆ ಉದುರಿ ಯುಗಾದಿಗೆ ಚಿಗುರುವ ಮರವೇ ಇದರ ಮೂಲ ಎಂದು ಪಾಠ ಹೇಳುವವರಿದ್ದಾರೆ. ಕೇಳಲು ಚೆಂದ, ಆದರೆ ಚಿಗುರನ್ನು ಯಾರು ಮಗುಚಿಹಾಕುತ್ತಾರೆ? ಬಾಳೆಲೆ ಮಡಚಿದರಂತೂ ಊಟ ಮುಗಿಯಿತೆಂದೇ ಲೆಕ್ಕ! ಇಲ್ಲಿ ಲೀಫ್ ಎಂದರೆ ಪುಸ್ತಕದ ಹಾಳೆ. 16ನೇ ಶತಮಾನದಷ್ಟು ಹಿಂದೆಯೇ ಇಂಗ್ಲಿಷರು ಹಾಳೆ ತಿರುವುವುದನ್ನು ಈ ಅರ್ಥದಲ್ಲಿ ಬಳಸುತ್ತಿದ್ದರು: ಗೀಚಿ ಕೆಡಿಸಿದ ಪುಟ ದಾಟಿ ಖಾಲಿ ಪುಟಕ್ಕೆ ಬರುವುದು.

ಎಲೆಯೇ ಪುಟವಾಗುವುದು ಕನ್ನಡಿಗರಿಗೇನೂ ಹೊಸದಲ್ಲ. ಬಿಲ್ವಪತ್ರೆಯ ‘ಪತ್ರ’ವೇ ಅಂಚೆಯಲ್ಲಿ ಬರುವ ಪತ್ರ. ಅಡಿಕೆ ಮರದಿಂದ ಬೀಳುವುದೂ ಹಾಳೆ, ನೋಟ್‌ಬುಕ್ಕಿನಲ್ಲಿರುವುದೂ ಹಾಳೆ. ತಾಳೆಗರಿಯ ಕಟ್ಟು ಬಿಚ್ಚಿದರೆ ಇನ್ನೂ ಸ್ಪಷ್ಟ: ಕಂಟವೆಂಬ ಚೂಪು ಲೇಖನಿಯಿಂದ ಕೊರೆದು ಮಸಿ ತಿಕ್ಕಿದ ಗರಿಗಳು, ನಡುವಿನ ತೂತಿನಲ್ಲಿ ಪೋಣಿಸಿದ ದಾರ. ದಾರ ಸಡಿಲಿಸಿ, ಓದಿದ ಗರಿಯನ್ನು ಮಗುಚಿದರೆ ಮುಂದಿನದು ಕಣ್ಣಿಗೆ ಬೀಳುತ್ತದೆ.