ಪ್ರತಿಭಾವಂತ ಮಕ್ಕಳಿಗೆ ತನ್ನತನದ ಪಾಠ: ಪುಣ್ಯಕೋಟಿಯಿಂದ ಟೊಳ್ಳುಗಟ್ಟಿಯವರೆಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲೂಕುಗಳ ಹಳ್ಳಿಗಳಲ್ಲಿ ಮಗು ಚುರುಕಾಗಿದ್ದರೆ ಐದನೇ ತರಗತಿಗೇ ನವೋದಯ ಪರೀಕ್ಷೆಯ ತಯಾರಿ ಆರಂಭವಾಗುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ಬೆಳೆದು ಬಂದ ಜವಾಹರ್ ನವೋದಯ ವಿದ್ಯಾಲಯಕ್ಕೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು ಆರನೇ ತರಗತಿಗೆ ಆಯ್ಕೆಯಾಗುತ್ತಾರೆ. ಕನಿಷ್ಠ ಶೇ. 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಕರಾವಳಿಯ ಮುಡಿಪು, ಚೇರ್ಕಾಡಿಯ ನವೋದಯಗಳನ್ನು ಬಲ್ಲ ನಮಗೆ ಇದು ಹೊಸ ಸಂಗತಿಯಲ್ಲ.

ಪ್ರವೇಶ ಸಿಕ್ಕಿದ ಸಂತೋಷದಲ್ಲಿ ನಾವು ಒಂದು ವಿಷಯವನ್ನು ಮರೆಯುತ್ತೇವೆ. ಊರಿನ ಶಾಲೆಯಲ್ಲಿ ಒಬ್ಬನೇ ಜಾಣನಾಗಿದ್ದ ಹುಡುಗ ಇಲ್ಲಿ ಎಂಬತ್ತರಲ್ಲಿ ಒಬ್ಬ. ಒಂದೇ ಸಮವಸ್ತ್ರ, ಒಂದೇ ಗಂಟೆ, ಒಂದೇ ಊಟದ ಸಾಲು. ಕೆಲವರು ಗೆಳೆಯರ ಗೇಲಿಗೆ ಹೆದರಿ ತಮ್ಮ ಪ್ರಶ್ನೆಗಳನ್ನು ನುಂಗಿಕೊಂಡು ಹತ್ತರೊಡನೆ ಹನ್ನೊಂದಾಗುತ್ತಾರೆ. ಇನ್ನು ಕೆಲವರು ಅಂಕವೇ ತಾವು ಎಂದುಕೊಳ್ಳುತ್ತಾರೆ. ಎರಡನೆಯದು ಸ್ವತಂತ್ರ ಬುದ್ಧಿಯಂತೆ ಕಂಡರೂ ಅದೂ ಊರಿನವರ ಎಣಿಕೆಗೆ ತಲೆಬಾಗುವುದೇ ಸರಿ.

ಹನ್ನೊಂದು ಹನ್ನೆರಡರ ಮಕ್ಕಳಿಗೆ ಇದನ್ನು ಉಪದೇಶಿಸಿದರೆ ಅವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಕಥೆಯಾದರೆ ಮಾತನಾಡುತ್ತಾರೆ, ಏಕೆಂದರೆ ಅಲ್ಲಿ ಚರ್ಚೆಗೆ ಬರುವುದು ಬೇರೊಬ್ಬರ ನಡತೆ.

ಎಲ್ಲರಿಗೂ ಬಾಯಿಪಾಠವಾದ ಗೋವಿನ ಹಾಡನ್ನೇ ತೆಗೆದುಕೊಳ್ಳೋಣ. ನಾವು ಅದನ್ನು ಸತ್ಯದ ನೀತಿಗೆ ನಿಲ್ಲಿಸಿಬಿಡುತ್ತೇವೆ. ಪುಣ್ಯಕೋಟಿ ಹುಲಿಯ ಬಳಿಗೆ ಮರಳದಿದ್ದರೆ ದೊಡ್ಡಿಯಲ್ಲಿ ಯಾರಾದರೂ ತಪ್ಪೆನ್ನುತ್ತಿದ್ದರೇ ಎಂದು ಕೇಳಿ ನೋಡಿ. ಯಾರೂ ಅನ್ನುತ್ತಿರಲಿಲ್ಲ. ಕರುವೇ ಹೋಗಬೇಡವೆಂದು ಅಂಗಲಾಚುತ್ತದೆ. ಆದರೂ ಅವಳು ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹೊರಡುತ್ತಾಳೆ. ಬಳಗವನ್ನು ನಂಬುತ್ತಾಳೆ, ನಿರ್ಧಾರ ಮಾತ್ರ ತನ್ನದೇ. ಇನ್ನು ಹುಲಿ? ಹಸಿದ ಹುಲಿ ಹಸುವನ್ನು ತಿನ್ನುವುದು ಕುಲದ ನಡೆ. ಆ ನಡೆಯನ್ನು ಮುರಿದದ್ದು ಅದೇ ಹುಲಿ. ಮಕ್ಕಳಲ್ಲಿ ಯಾರಾದರೂ ಎದ್ದು, ಎಳೆಗರುವನ್ನು ಬಿಟ್ಟು ಹೋದದ್ದು ಸರಿಯಲ್ಲ ಎಂದರೆ ದಯವಿಟ್ಟು ಅವರನ್ನು ಕೂರಿಸಬೇಡಿ. ನಮ್ಮ ಅಭಿಪ್ರಾಯದಲ್ಲಿ ಆ ದಿನದ ಪಾಠ ಫಲಿಸಿದ್ದು ಅಲ್ಲಿಯೇ.

ಆಯ್ಕೆ ಪರೀಕ್ಷೆ ಗೆದ್ದು ಬಂದವರಿಗೆ ಟಿ.ಪಿ. ಕೈಲಾಸಂ (1884-1946) ಅವರ 'ಟೊಳ್ಳುಗಟ್ಟಿ' ನಾಟಕ ಹೇಳಿ ಮಾಡಿಸಿದಂತಿದೆ. ಪುಟ್ಟು ಪುಸ್ತಕದ ಹುಳು, ಪರೀಕ್ಷೆಯಲ್ಲಿ ಮುಂದು. ಮಾಧು ನಪಾಸಾಗುವವನು, ಮನೆಯವರ ಕಷ್ಟಕ್ಕೆ ಮಾತ್ರ ಮೊದಲು ಒದಗುವವನು. ಯಾರು ಟೊಳ್ಳು, ಯಾರು ಗಟ್ಟಿ? ಮಕ್ಕಳೇ ಪಾತ್ರ ವಹಿಸಿ ಓದಲಿ. ಪುಟ್ಟುವಿನ ಪರ ವಾದಿಸಲೂ ಒಬ್ಬರಿರಲಿ. ಓದುವುದು ಅವನ ತಪ್ಪಲ್ಲವಲ್ಲ!

ಕುವೆಂಪು ಅವರ ವಿಶ್ವಮಾನವ ವಿಚಾರವನ್ನು ಏಳೆಂಟನೇ ತರಗತಿಗೆ ಇಡುವುದು ಒಳಿತು. ಹುಟ್ಟುವಾಗ ವಿಶ್ವಮಾನವನಾಗಿರುವ ಮಗುವನ್ನು ಜಾತಿ, ಮತ, ಪಂಗಡಗಳೇ ಅಲ್ಪಮಾನವನನ್ನಾಗಿ ಮಾಡುತ್ತವೆ ಎಂಬುದು ಅವರ ಮಾತಿನ ತಿರುಳು. ಧರ್ಮೋಪದೇಶ ತರಗತಿ ನಡೆಸುವ ನಮಗೂ ಇದು ಸ್ವಲ್ಪ ಚುಚ್ಚುವ ಮಾತೇ. ಹಾಗೆಂದು ಬದಿಗಿಡಬಾರದು.

ನವೋದಯದಲ್ಲಿ ಒಂಬತ್ತನೇ ತರಗತಿಯ ಒಂದಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ಪ್ರದೇಶದ ಶಾಲೆಗೆ ಕಳುಹಿಸುವ ವ್ಯವಸ್ಥೆಯಿದೆ. ಭಾಷೆ, ಊಟ, ಗೆಳೆಯರು ಎಲ್ಲವೂ ಬೇರೆ. ಆದ್ದರಿಂದ ಈ ಚರ್ಚೆಗಳು ಎಂಟನೇ ತರಗತಿಯೊಳಗೆ ನಡೆಯಬೇಕು. ಬೇಸಿಗೆ ರಜೆಗೆ ಮಕ್ಕಳು ಮನೆಗೆ ಬಂದಾಗ ಧರ್ಮಕೇಂದ್ರದ ಶಿಬಿರದಲ್ಲಿ ಒಂದು ಮಧ್ಯಾಹ್ನ ಇದಕ್ಕೆ ಸಾಕು. ಬಹುಮಾನ, ಅಂಕ ಮಾತ್ರ ಬೇಡ.