ಅಡಿಗೆ ಅನಿಲದ ಕೊಳವೆ: ಕೆಲಸ ಯಾರಿಗೆ ಒಪ್ಪಿಸಬೇಕು?

ನಮ್ಮ ಮನೆಯಲ್ಲೇ ನಡೆದ ಸಂಗತಿಯನ್ನು ಸದಸ್ಯ ಬಾಂಧವರ ಮುಂದಿಡಲು ಸ್ವಲ್ಪ ಸಂಕೋಚವಿದೆ. ಆದರೂ ಹೇಳುವುದು ಮೇಲು. ಸಿಲಿಂಡರನ್ನು ಹಿಂದಿನ ಜಗಲಿಯಲ್ಲಿಟ್ಟು, ಗೋಡೆಯೊಳಗಿನಿಂದ ಕೊಳವೆ ಎಳೆಸಿದೆವು. ತೋಟದ ಸ್ಪ್ರಿಂಕ್ಲರ್ ಪೈಪು ಜೋಡಿಸುವವನೇ ಆ ಕೆಲಸವನ್ನೂ ಮಾಡಿದ. ಕೈ ಚುರುಕು, ಕೂಲಿ ಕಡಿಮೆ. ಒಲೆಯ ತುದಿಗೆ ಮನೆಯಲ್ಲಿದ್ದ ಸಾಧಾರಣ ರಬ್ಬರು ನಳಿಯ ತುಂಡು ಸಿಕ್ಕಿಸಿದ. ನಾವೂ ನೋಡಿ ಸುಮ್ಮನಿದ್ದೆವು.

ನಾಲ್ಕನೆಯ ದಿನ ಮುಂಜಾನೆ ನಮ್ಮ ಮನೆಯವರು ನೆಲ ಒರೆಸಲು ಬಗ್ಗಿದಾಗ ವಾಸನೆ ಹಿಡಿದರು. ನಿಂತಿದ್ದ ನಮಗೆ ಏನೂ ತಿಳಿದಿರಲಿಲ್ಲ. ಅಡಿಗೆಮನೆಯಿಂದ ಎರಡು ಮೆಟ್ಟಿಲು ಇಳಿದರೆ ಬಚ್ಚಲು. ಹಂಡೆಯ ಒಲೆಗೆ ಆಳು ಇನ್ನೂ ಬೆಂಕಿ ಹಾಕಿರಲಿಲ್ಲ. ಹಾಕಿದ್ದರೆ ಈ ಲೇಖನ ಬರೆಯಲು ನಾವು ಇರುತ್ತಿದ್ದೆವೋ ಇಲ್ಲವೋ.

ಎಲ್.ಪಿ.ಜಿ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಹೆಂಚಿನ ಸಂದಿಯಿಂದ ಹೊರಹೋಗದು. ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಬೆರೆತರೂ ಒಂದು ಕಿಡಿ ಸಾಕು. ಗೋಬರ್ ಗ್ಯಾಸು ಗಾಳಿಗಿಂತ ಸ್ವಲ್ಪ ಹಗುರ. ಅದರ ಬಳಕೆಯುಳ್ಳ ನಮ್ಮಂಥವರು ಈ ವ್ಯತ್ಯಾಸವನ್ನು ಮರೆಯುತ್ತೇವೆ. ಎರಡರ ಒಲೆಯ ರಂಧ್ರಗಳೂ ಬೇರೆ ಬೇರೆ ಅಳತೆಯವು. ಒಂದರ ಒಲೆಗೆ ಇನ್ನೊಂದರ ಕೊಳವೆ ಜೋಡಿಸಲೇಬಾರದು.

ನೀರಿನ ಪೈಪು ಸೋರಿದರೆ ಕಣ್ಣಿಗೆ ಕಾಣುತ್ತದೆ, ಮರುದಿನ ಬಿಗಿಯಬಹುದು. ಅನಿಲಕ್ಕೆ ಆ ಸಾವಕಾಶವಿಲ್ಲ. ಸಾಧಾರಣ ರಬ್ಬರನ್ನು ಎಲ್.ಪಿ.ಜಿ. ಕೆಡಿಸುತ್ತದೆ ಎಂಬುದು ವಿತರಕರ ಮೆಕ್ಯಾನಿಕ್ ಬಂದು ಹೇಳಿದ ಮೇಲೆಯೇ ನಮಗೆ ತಿಳಿದದ್ದು. (ಪದವಿ ಪಡೆದು ಏನು ಬಂತು!) ಅವರು ಜೋಡಣೆಗಳಿಗೆಲ್ಲ ಸಾಬೂನು ನೀರು ಹಚ್ಚಿದರು, ಎರಡು ಕಡೆ ಗುಳ್ಳೆ ಎದ್ದಿತು. ಐ.ಎಸ್.ಐ. ಗುರುತಿನ ಸುರಕ್ಷಾ ನಳಿ ಹಾಕಿಕೊಟ್ಟರು. ಅದನ್ನೂ 5 ವರ್ಷಕ್ಕೊಮ್ಮೆ ಬದಲಿಸಬೇಕು.

ಆದುದರಿಂದ ವಿತರಕರ ಮೂಲಕವೇ ಕೆಲಸಗಾರರನ್ನು ಕರೆಸಿ. ಬಂದವರ ಗುರುತಿನ ಚೀಟಿ ನೋಡಿ, ಸಾಬೂನು ನೀರಿನ ಪರೀಕ್ಷೆಯನ್ನು ನಿಮ್ಮೆದುರಿಗೇ ಮಾಡಿಸಿ, ತಾರೀಖು ಹಾಕಿದ ರಸೀದಿ ಪಡೆಯಿರಿ. ಬೆಂಕಿಕಡ್ಡಿ ಗೀರಿ ನೋಡುವವನನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ವಿದ್ಯುತ್ ಸ್ವಿಚ್ಚು ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನು ಮಾಡಿ.

ಕಾರ್ಮಿಕರ ಲೈನು ಮನೆಗಳ ನಳಿಗಳನ್ನೂ ಅದೇ ಭೇಟಿಯಲ್ಲಿ ತೋರಿಸಬಹುದು. ಸಂಘದ ಕಛೇರಿಯಲ್ಲಿ ಹೆಸರು ಬರೆಸಿದರೆ ಒಂದೊಂದು ಊರಿಗೆ ಒಂದು ದಿನ ಗೊತ್ತುಮಾಡಿ ಮೆಕ್ಯಾನಿಕ್‌ರನ್ನು ಕರೆಸುತ್ತೇವೆ.