ಹಂಗಾಮಿನ ಬೂದಿ, ಕಾರಿನ ಗಾಜು, ಕೈಯ ಚರ್ಮ

ಪ್ರಶ್ನೆ: ಕಬ್ಬಿನ ಹಂಗಾಮಿನಲ್ಲಿ ಕಾರಿನ ಗಾಜು ಎಷ್ಟು ಒರೆಸಿದರೂ ಮಬ್ಬಾಗಿಯೇ ಇರುತ್ತದೆ. ತೊಳೆದ ಮೇಲೆ ಕೈ ಉರಿಯುತ್ತದೆ. ಏನು ಮಾಡಲಿ? (ಮುಧೋಳದ ಓದುಗರು)

ಉತ್ತರ: ಒಣಬಟ್ಟೆಯಿಂದ ಒರೆಸುವುದನ್ನು ಮೊದಲು ನಿಲ್ಲಿಸಿ. ಮುಧೋಳ, ಜಮಖಂಡಿ, ಬೀಳಗಿ ಕಡೆ ಸಕ್ಕರೆ ಕಾರ್ಖಾನೆ ಶುರುವಾದರೆ ಗಾಜಿನ ಮೇಲೆ ಕೂರುವ ಕರಿ ಪುಡಿ ಬರೀ ಧೂಳಲ್ಲ, ಕಬ್ಬಿನ ಸಿಪ್ಪೆ ಉರಿದ ಬೂದಿ. ಅದರಲ್ಲಿ ಸಿಲಿಕಾ ಹೇರಳ. ಒಣಗಿದ್ದಾಗ ಉಜ್ಜಿದರೆ ಗಾಜಿಗೆ ಸಣ್ಣ ಗೀರುಗಳು ಬೀಳುತ್ತವೆ. ರಾತ್ರಿ ಎದುರಿನ ಟ್ರ್ಯಾಕ್ಟರ್ ದೀಪಕ್ಕೆ ಕಣ್ಣು ಕೋರೈಸುವುದು ಆ ಗೀರುಗಳಿಂದಲೇ. ಮೊದಲು ಧಾರಾಳವಾಗಿ ನೀರು ಸುರಿದು ಬೂದಿ ಇಳಿಸಿ, ಆಮೇಲೆ ಬಟ್ಟೆ ಹಚ್ಚಿ. ವೈಪರ್ ರಬ್ಬರನ್ನೂ ಮರೆಯದೆ ತೊಳೆಯಿರಿ.

ತೊಳೆದ ಮೇಲೂ ಗಾಜಿನಲ್ಲಿ ಬಿಳಿ ಚುಕ್ಕೆಗಳು ಉಳಿದರೆ ಅವು ಬೋರ್‌ವೆಲ್‌ನ ಗಡಸು ನೀರಿನವು. ನೀರು ಆರಿದಾಗ ಸುಣ್ಣದ ಅಂಶ ಗಾಜಿಗೆ ಅಂಟಿಕೊಳ್ಳುತ್ತದೆ, ಸೋಪಿಗೆ ಜಗ್ಗದು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆಯಿರಿ. ಬಿಸಿಲಲ್ಲಿ ಈ ಕೆಲಸ ಬೇಡ, ಆರಿ ಮತ್ತೆ ಕಲೆಯಾಗುತ್ತದೆ. ಕೊನೆಗೆ ಒರೆಸಲು ರಬಕವಿ-ಬನಹಟ್ಟಿಯ ಹಳೆ ಹತ್ತಿ ಸೀರೆಯ ತುಂಡು ಬಹಳ ಒಳ್ಳೆಯದು; ಹೊಸದು ಬೇಡ, ಅದರ ಗಂಜಿ ಗಾಜಿಗೆ ಗೆರೆ ಎಳೆಯುತ್ತದೆ.

ಕೈ ಉರಿಯಲು ಬಹುಪಾಲು ಕಾರಣ ಬಟ್ಟೆ ಒಗೆಯುವ ಪೌಡರ್. ಅದರ ಕ್ಷಾರ ಚರ್ಮದ ಜಿಡ್ಡನ್ನೇ ತೆಗೆದುಬಿಡುತ್ತದೆ. ಕಾರ್ ಶಾಂಪೂ ಬಳಸಿ, ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಬಾತ್‌ರೂಮಿನ ಆ್ಯಸಿಡ್ ಮಾತ್ರ ದಯವಿಟ್ಟು ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಕೈ ತೊಳೆದು, ತೇವ ಇರುವಾಗಲೇ ಕೊಬ್ಬರಿ ಎಣ್ಣೆ ಸವರಿ. ಬಿರುಕು ಬಿಟ್ಟು ರಕ್ತ ಬರುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.